ಏಳನೇ ಕಲಮಿನಲ್ಲಿ ಒಂದು ಕೌದಿ

ಸಾವಿರ ಹಾಳೆ ಅಚ್ಚು ಹಾಕಿಸಲು ನನಗೆ ಆಗ ಬಿದ್ದ ಖರ್ಚು ಆರುನೂರಾ ನಲವತ್ತು ರೂಪಾಯಿ. ಬೆಟಗೇರಿಯ ಪ್ರೆಸ್ಸಿನ ಮಾಲಕರು ಕೇಳಿದ್ದು ಒಂಬೈನೂರು. ಅಷ್ಟು ಇಳಿಸಿದ್ದು ಹೇಗೆಂದರೆ, ನಾನು ಹೋದದ್ದು ಆಷಾಢದಲ್ಲಿ, ಲಗ್ನಪತ್ರಿಕೆಯ ಕೆಲಸ ಇಲ್ಲದ ತಿಂಗಳಲ್ಲಿ.

"ಆಷಾಢದಾಗ ನಿಮ್ಮ ಮಷಿನ್ ಮಲಗಿರ್ತೈತ್ರಿ. ಮಲಗಿದ ಮಷಿನ್ ನಿಮಗೇನು ಗಳಿಸಿ ಕೊಡತೈತಿ?" ಎಂದೆ.

"ಲೇ ಚನ್ನಪ್ಪ, ನೀ ಕೋರ್ಟಿನ ಹೊರಗ ಕುಂತು ಹಾಳಾದಿ. ಒಳಗ ಕರಿ ಕೋಟ್ ಹಾಕ್ಕೊಂಡು ನಿಂದರಬೇಕಾಗಿತ್ತು."

"ಕರಿ ಕೋಟಿನವರು ಬಂದಿದ್ರ ನಿಮಗ ಆರುನೂರೂ ಸಿಗತಿರಲಿಲ್ಲ ಬಿಡ್ರಿ."

ನಕ್ಕು ಒಪ್ಪಿದರು. ಕಾಗದ ನಾನೇ ತಂದುಕೊಟ್ಟೆ, ಪ್ರೂಫು ನಾನೇ ತಿದ್ದಿದೆ.

ಈ ಖರ್ಚು ಯಾಕೆ ಬೇಕಿತ್ತು ಎಂಬುದನ್ನೂ ಹೇಳುತ್ತೇನೆ. ನಾನು ಹರ್ತಿಯವನು. ಎಸ್ಸೆಸ್ಸೆಲ್ಸಿ ಆದ ಮೇಲೆ ಗದಗಿನಲ್ಲಿ ಟೈಪಿಂಗ್ ಕಲಿತೆ. ಕಂತಿನ ಮೇಲೆ ಹಳೆಯ ಕನ್ನಡ ಟೈಪ್‌ರೈಟರ್ ಒಂದನ್ನು ತಂದು ಕೋರ್ಟಿನ ಕಂಪೌಂಡಿನ ಪಕ್ಕ ತಗಡಿನ ನೆರಳಿನಲ್ಲಿ ಅರ್ಜಿ ಬರೆಯಲು ಕುಳಿತೆ. ಎದ್ದದ್ದು ಮೊನ್ನೆ ಮೊನ್ನೆ, ಕಣ್ಣಿಗೆ ಪೊರೆ ಬಂದ ಮೇಲೆ. ಈ ನಡುವೆ ನನ್ನ ಮುಂದೆ ಕುಳಿತವರಲ್ಲಿ ಹೆಚ್ಚಿನವರು ಬಾಡಿಗೆ ಮನೆಯ ತಕರಾರಿನವರು. ಮನೆ ಬಿಡು ಎಂದು ಮಾಲಕ ದಾವೆ ಹಾಕಿರುತ್ತಾನೆ, ಸಮನ್ಸ್ ಬಂದಿರುತ್ತದೆ, ವಕೀಲರಿಗೆ ಕೊಡಲು ಗಂಟಿನಲ್ಲಿ ಏನೂ ಇರುವುದಿಲ್ಲ. ಅವರ ಪರವಾಗಿ ಅವರೇ ನಿಲ್ಲಬೇಕು. ನಿಲ್ಲುವ ಮೊದಲು ಕೈಫಿಯತ್ ಕೊಡಬೇಕು. ಕೈಫಿಯತ್ ಅಂದರೆ ದಾವೆಗೆ ಪ್ರತಿವಾದಿ ಬರೆದುಕೊಡುವ ಉತ್ತರ. ಅದನ್ನು ಒಬ್ಬೊಬ್ಬರಿಗೂ ಮೊದಲಿನಿಂದ ಟೈಪ್ ಮಾಡಿದರೆ ಒಂದು ತಾಸು ಹೋಗುತ್ತಿತ್ತು. ಮಾತು ಮಾತ್ರ ಹೆಚ್ಚು ಕಡಿಮೆ ಅದೇ. ಹಾಗಾಗಿ ಹನ್ನೊಂದು ಕಲಮಿನ ನಮೂನೆಯೊಂದನ್ನು ನಾನೇ ಕಟ್ಟಿದೆ. ಸಾಲುಗಳು ಅಚ್ಚಾಗಿರುತ್ತವೆ, ನಡುನಡುವೆ ಖಾಲಿ ಜಾಗ. ಹತ್ತು ನಿಮಿಷದಲ್ಲಿ ತುಂಬಿ, ಹೆಬ್ಬೆಟ್ಟು ಒತ್ತಿಸಿ ಕಳಿಸುತ್ತಿದ್ದೆ. ಒಂದಕ್ಕೆ ಐದು ರೂಪಾಯಿ.

ಮೊದಲ ಸಲ ನಗೆಪಾಟಲಾದೆ. ಮೇಲ್ಗಡೆ ಗದಗಿನ ಕೋರ್ಟು ಎಂದು ಅಚ್ಚು ಹಾಕಿಸಿಬಿಟ್ಟಿದ್ದೆ. ಲಕ್ಷ್ಮೇಶ್ವರದಿಂದ ಬಂದ ಹೋಟೆಲಿನವನೊಬ್ಬ ನಾಲ್ಕು ಹಾಳೆ ಒಯ್ದು, ನಾಲ್ಕನ್ನೂ ವಾಪಸ್ ತಂದು ನನ್ನ ಟೈಪ್‌ರೈಟರ್ ಮೇಲೆ ಇಟ್ಟ. "ನಿನ್ನ ಗದಗ ನೀನ ಇಟ್ಕೋಪಾ. ನಮ್ಮೂರಾಗ ನಮ್ಮ ಕೋರ್ಟ್ ಐತಿ" ಎಂದ. ಅವನ ಇಪ್ಪತ್ತು ರೂಪಾಯಿ ಮರಳಿಸಿ, ಮುಂದಿನ ಅಚ್ಚಿನಲ್ಲಿ ಊರಿನ ಹೆಸರಿಗೂ ಖಾಲಿ ಜಾಗ ಬಿಟ್ಟೆ. ಅಲ್ಲಿಂದ ಅದು ಗದಗ ಸೇರಿ ನಾಲ್ಕು ಊರಿನಲ್ಲಿ ಹೋಯಿತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ವಾರದಲ್ಲಿ ಒಂದೊಂದು ದಿನ ಚೀಲ ಹಿಡಿದು ಬಸ್ಸಿನಲ್ಲಿ ನಾನೇ ಹೋಗಿ ಮಾರಿದೆ.

ಮುಂಡರಗಿಯಲ್ಲಿ ಒಂದು ದಿನ ಮಾಲಕನೂ ಬಾಡಿಗೆದಾರನೂ ಒಂದೇ ಬಸ್ಸಿನಲ್ಲಿ ಬಂದು ಒಂದೇ ಬೆಂಚಿನ ಮೇಲೆ ಕುಳಿತಿದ್ದರು. ಇಬ್ಬರಿಗೂ ನಾನೇ ಬೇಕು. "ಇವಂದ ಮೊದಲ ಬರಿ, ಇವನ ಮಾತು ಉದ್ದ" ಎಂದು ಮಾಲಕ ಹೇಳಿದರೆ, "ಉದ್ದ ಆಗಿದ್ದ ನಿಮ್ಮ ಬಾಡಿಗಿ ರೀ" ಎಂದು ಆತ. ನಾನು ಪೆನ್ನು ತೆಗೆಯುವಷ್ಟರಲ್ಲಿ ಇಬ್ಬರೂ ಗಿರ್ಮಿಟ್ ತರಿಸಿ ತಿನ್ನುತ್ತ ಮಾತು ಮುಗಿಸಿಬಿಟ್ಟರು. ಆ ದಿನ ಇಬ್ಬರು ಗಿರಾಕಿಗಳು ತಪ್ಪಿದರೆಂದು ಬೇಜಾರು ಮಾಡಿಕೊಂಡಿದ್ದೆ. ಈಗ ನೆನೆಸಿದರೆ ಅದಕ್ಕಿಂತ ಒಳ್ಳೆಯ ದಿನ ಆ ಬೆಂಚಿನ ಮೇಲೆ ನನಗೆ ಸಿಕ್ಕಿಲ್ಲ.

ಆ ಕಾಲದಲ್ಲಿ ಶಿರಸ್ತೇದಾರರೊಬ್ಬರಿದ್ದರು. ಅರ್ಜಿಗಳು ಮೊದಲು ಅವರ ಕೈ ದಾಟಬೇಕು. ಕನ್ನಡಕದ ಮೇಲಿಂದ ನೋಡಿ, ಒಂದು ಕಲಮು ಖಾಲಿ ಕಂಡರೂ ಹಾಳೆಯನ್ನು ಮೇಜಿನ ಆಚೆ ನೂಕುತ್ತಿದ್ದರು. "ಚನ್ನಪ್ಪ, ಖಾಲಿ ಕಲಮ್ ಅಂದ್ರ ಬಾಗಿಲಿಲ್ಲದ ಮನಿ ಇದ್ದಂಗ. ಯಾರ ಬೇಕಾದ್ರೂ ಒಳಗ ಹೊಕ್ಕಾರು. ಎಲ್ಲಾ ತುಂಬಿಕೊಂಡು ಬಾ" ಎನ್ನುತ್ತಿದ್ದರು. ನಾನು ಅವರ ಮಾತನ್ನು ಮಂತ್ರ ಮಾಡಿಕೊಂಡೆ. ನನ್ನ ಹಾಳೆ ಒಂದೂ ವಾಪಸ್ ಬರುವುದಿಲ್ಲ ಎಂದು ಚಹಾದಂಗಡಿಯಲ್ಲಿ ಹೇಳಿಕೊಂಡು ತಿರುಗಿದೆ. ಗಿರಾಕಿಗೆ ಉತ್ತರ ಗೊತ್ತಿಲ್ಲದಿದ್ದರೆ ಕೆದಕಿ ಕೆದಕಿ ಏನಾದರೊಂದನ್ನು ಹೊರಗೆ ತೆಗೆಸಿ ತುಂಬುತ್ತಿದ್ದೆ. ಹಾಗೆ ಕೆದಕುವುದೇ ಚಾಣಾಕ್ಷತನ ಎಂದು ತಿಳಿದಿದ್ದೆ.

ಹುಸೇನಬಿ ಬಂದದ್ದು ನಮೂನೆಯ ಮೂರನೇ ಅಚ್ಚಿನ ಕಾಲದಲ್ಲಿ.

ಬೆಟಗೇರಿಯವಳು. ಗಂಡ ಮೌಲಾಸಾಬ ಹತ್ತಿ ಜಿನ್ನಿನಲ್ಲಿ ಫಿಟ್ಟರ್ ಆಗಿದ್ದು ತೀರಿಕೊಂಡಿದ್ದ. ಅವಳು ಮಗಳು ಮುಮ್ತಾಜಳೊಂದಿಗೆ ಹಳೆ ಸೀರೆ, ಬಟ್ಟೆ ಚೂರು ಕೂಡಿಸಿ ಕೌದಿ ಹೊಲಿದು ಬದುಕುತ್ತಿದ್ದಳು. ಎರಡು ಖೋಲಿಯ ಮನೆ. ಅದನ್ನು ಬಿಡಬೇಕೆಂದು ಜಿನ್ನಿನ ಹಳೆಯ ಧಣಿಯ ಮೊಮ್ಮಗ ದಾವೆ ಹಾಕಿದ್ದ. ಧಣಿಯನ್ನು ಎಲ್ಲರೂ ಹಾಜಿ ಸಾಹೇಬರು ಎನ್ನುತ್ತಿದ್ದರು. ಅವರು ಹೋಗಿ ಆಗಲೇ ಬಹಳ ವರ್ಷವಾಗಿತ್ತು. ಮೊಮ್ಮಗ ಹೊರಗೆ ಓದಿ ಬಂದವನು. ನಗರಸಭೆಯ ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆಯಲ್ಲಿ, ಅಜ್ಜನ ಹೆಸರು ಕಂಡಿದ್ದ. ಅವನಿಗೆ ಅಷ್ಟೇ ಗೊತ್ತಿತ್ತು.

ಮಧ್ಯಾಹ್ನದ ಹೊತ್ತು. ನನ್ನ ಮುಂದೆ ಇನ್ನೂ ಏಳೆಂಟು ಮಂದಿ ಕಾಯುತ್ತಿದ್ದರು. ಸಮನ್ಸ್ ತೋರಿಸಿದಳು. ಒಂದನೇ ಕಲಮು ಅಚ್ಚಾಗಿಯೇ ಇತ್ತು: ನಾನು ವಾದಿಯ ಬಾಡಿಗೆದಾರನಿದ್ದು ದಾವೆಯ ಮನೆಯಲ್ಲಿ ಇಷ್ಟು ವರ್ಷಗಳಿಂದ ವಾಸವಿರುತ್ತೇನೆ. ವರ್ಷದ ಜಾಗ ಮಾತ್ರ ಖಾಲಿ.

"ಎಷ್ಟು ವರ್ಷ ಆತಕ್ಕಾ ಆ ಮನ್ಯಾಗ?"

"ಇಪ್ಪತ್ತೆರಡು ತುಂಬತಾವಣ್ಣಾ. ಹಾಜಿ ಸಾಹೇಬ್ರು ಕೀಲಿ ಕೊಟ್ಟಾಗ ನಮ್ಮ ಮುಮ್ತಾಜ ತೊಟ್ಟಿಲದಾಗಿದ್ಲು. ಆವತ್ತು ಮಸೂತಿ ಮುಲ್ಲಾನೂ ಇದ್ರು, ಹಾಜಿ ಸಾಹೇಬ್ರು ಏನಂದ್ರಂದ್ರ..."

"ಕಥಿ ಆಮ್ಯಾಲೆ ಅಕ್ಕಾ. ಕೇಳಿದ್ದಕ್ಕಷ್ಟ ಹೇಳು. ಹಿಂದ ಮಂದಿ ನಿಂತಾರ ನೋಡು."

ಅವಳು ಹಿಂದೆ ತಿರುಗಿ ನೋಡಿದಳು. ನಿಂತವರ ಬಗ್ಗೆ ಅವಳಿಗೇ ಸಂಕೋಚವಾಯಿತು. "ಆತಣ್ಣಾ, ಕೇಳು" ಎಂದಳು.

ಎರಡು, ಮೂರು, ನಾಲ್ಕು ಎಂದು ಸರಸರನೆ ನಡೆದೆ. ಏಳನೇ ಕಲಮು ಬಾಡಿಗೆಯದು.

"ಬಾಡಿಗಿ ಏನ್ ಕೊಡ್ತಿ?"

"ಬಾಡಿಗಿ ಎಲ್ಲಿದಣ್ಣಾ? ನಾವೇನೂ ಕೊಡಂಗಿಲ್ಲ."

"ಏನೂ ಇಲ್ಲ ಅಂತ ಬರದ್ರ ಬಾಕಿ ಉಳಿಸ್ಯಾಳ ಅಂತ ನಾಳೆನ ಹೊರಗ ಹಾಕ್ತಾರ. ವರ್ಷಕ್ಕೊಮ್ಮೆ ಏನರ ಕೊಡ್ತಿದ್ದಿರಬೇಕಲಾ? ನೆನಪು ಮಾಡ್ಕೋ."

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಯೋಚಿಸಿದಳು. "ಥಂಡಿ ಬರೂಕಿಂತ ಮೊದಲ ಒಂದು ಕೌದಿ ಹೊಲದು ಅವರ ಮನಿಗೆ ಕೊಟ್ಟು ಬರ್ತೀನಿ. ಹಾಜಿ ಸಾಹೇಬ್ರು ಹ್ವಾದ ಮ್ಯಾಲೂ ಬಿಟ್ಟಿಲ್ಲ. ಅದು ಪ್ರೀತಿಗೆ ಕೊಡೂದಣ್ಣಾ."

"ಯಾವ ವರ್ಷನೂ ತಪ್ಪಿಲ್ಲ?"

"ಒಂದ ವರ್ಷನೂ ತಪ್ಪಿಲ್ಲ."

"ಆತಲಾ! ನಿನ್ನ ಕೇಸ್ ಗಟ್ಟಿ ಆತು ನೋಡು" ಎಂದೆ.

ಬರೆದೆ: ಬಾಡಿಗೆ, ವರ್ಷಕ್ಕೆ ಒಂದು ಕೌದಿ. ಎಂಟನೇ ಕಲಮಿನಲ್ಲಿ: ಬಾಕಿ ಏನೂ ಇರುವುದಿಲ್ಲ. ಪೂರ್ತಿ ತುಂಬಿದ ಹಾಳೆಯನ್ನು ಅವಳಿಗೆ ಓದಿ ಹೇಳಿದೆ ಎಂದರೆ ಹೇಳಿದೆ. ಆದರೆ ಗ್ರಂಥದ ಕನ್ನಡದಲ್ಲಿ, ಬಸ್ ಹಿಡಿಯುವವನ ಅವಸರದಲ್ಲಿ ಓದಿದೆ. ಅವಳು ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದಳು. ಶಿರಸ್ತೇದಾರರು ಹಾಳೆಯನ್ನು ಮೇಲೆ ಕೆಳಗೆ ನೋಡಿ ತೆಗೆದುಕೊಂಡರು. ನಾನು ಹಿಗ್ಗಿದೆ.

ಕೆಲವು ತಿಂಗಳ ನಂತರ ಅವಳ ಹೇಳಿಕೆ ಆಗುವ ದಿನ ನಾನು ಕೋರ್ಟಿನ ಬಾಗಿಲಲ್ಲಿ ನಿಂತಿದ್ದೆ. ಮೊಮ್ಮಗನ ಕಡೆಯ ವಕೀಲರು ನನ್ನ ನಮೂನೆಯನ್ನು ಎರಡು ಬೆರಳಲ್ಲಿ ಹಿಡಿದಿದ್ದರು.

"ಈ ಹೆಬ್ಬೆಟ್ಟು ನಿಮ್ದ ಏನ್ರಿ?"

"ಹೌದ್ರಿ."

"ಓದಿ ಹೇಳಿದ್ರು?"

"ಹೇಳ್ಯಾರ್ರಿ. ಚನ್ನಪ್ಪಣ್ಣ ಹೇಳಿದ್ರು."

"ನಾನು ವಾದಿಯ ಬಾಡಿಗೆದಾರ ಅಂತ ಬರದೀರಿ. ಬಾಡಿಗೆ ವರ್ಷಕ್ಕೊಂದು ಕೌದಿ ಅಂತ ಬರದೀರಿ. ಕೌದಿ ಕೊಟ್ಟಿದ್ದು ಖರೆ ಹೌದಲ್ರಿ?"

"ಕೊಟ್ಟಿದ್ದು ಖರೆ ಐತ್ರಿ."

"ಸಾಕು."

"ಸಾಕಲ್ರಿ ಸಾಹೇಬ್ರ, ಇನ್ನೂ ಐತಿ. ಹಾಜಿ ಸಾಹೇಬ್ರು ಮನಿ ನಮ್ಮ ಯಜಮಾನ್ರಿಗೆ ಕೊಟ್ಟುಬಿಟ್ಟಾರ್ರಿ. ಮೌಲಾ, ಮೂವತ್ತು ವರ್ಷ ನನ್ನ ಜಿನ್ ನೋಡ್ಕೊಂಡಿ, ಇನ್ನ ಈ ಮನಿ ನಿಂದು, ನಿನ್ನ ಮಕ್ಕಳದು ಅಂತ ಮುಲ್ಲಾನ ಎದುರಿಗೆ ಕೀಲಿ ಕೈಯಾಗಿಟ್ರು. ಆವತ್ತಿಂದ ಮನಿ ಕರದ ಪಟ್ಟಿ ನಾವ ತುಂಬೇವ್ರಿ."

ನ್ಯಾಯಾಧೀಶರು ಒಳ್ಳೆಯವರು. ಬರೆಯುವುದನ್ನು ನಿಲ್ಲಿಸಿ ಕೇಳಿದರು. ಕಡತ ತಿರುವಿ ನೋಡಿ, "ಅಮ್ಮಾ, ನೀವು ಬರೆದುಕೊಟ್ಟಿದ್ದರಲ್ಲಿ ಇದು ಯಾವುದೂ ಇಲ್ಲವಲ್ಲ" ಎಂದರು.

ಹುಸೇನಬಿ ಬಾಗಿಲ ಕಡೆ ತಿರುಗಿದಳು. ನಾನು ಅಲ್ಲಿಯೇ ಇದ್ದೆ.

ಹೊರಗೆ ಬಂದಾಗ ನನಗೆ ಪರಿಚಯದ ವಕೀಲರೊಬ್ಬರು ಹಿಂದೆಯೇ ಬಂದರು. ಒಳಗೆ ಕುಳಿತು ಎಲ್ಲ ಕೇಳಿದ್ದರು.

"ಏನ್ ಮಾಡಿದ್ಯೋ ಚನ್ನಪ್ಪಾ? ಮುಸಲ್ಮಾನರೊಳಗ ಬಾಯಿಮಾತಿಲೆ ಕೊಟ್ಟ ದಾನಾನೂ ನಡಿತೈತಿ. ಹಿಬಾ ಅಂತಾರ. ಕೊಟ್ಟೆ ಅಂದು, ಇವರು ತಗೊಂಡು, ಮನಿ ವಶಕ್ಕ ಬಂದ್ರ ಮುಗೀತು. ಕಾಗದ ಬೇಕಂತಿಲ್ಲ. ಮುಲ್ಲಾ ಇನ್ನೂ ಬದುಕ್ಯಾನ. ಪಟ್ಟಿ ಪಾವತಿ ಅದಾವ. ಛಲೋ ಕೇಸ್ ಇತ್ತು. ನೀನ ಅಕಿನ್ನ ಬಾಡಿಗಿಯಾಕಿ ಮಾಡಿ ಕುಂದ್ರಿಸಿದಿ."

"ಈಗೇನು ದಾರಿ ರೀ?"

"ಕೈಫಿಯತ್ ತಿದ್ದುಪಡಿಗೆ ಅರ್ಜಿ ಹಾಕೋಣು. ನಾ ಪುಕ್ಕಟ ನಿಂದರ್ತೀನಿ. ಆದ್ರ ಬರದಾಂವ ಕಟಕಟಿ ಹತ್ತಿ ಹೇಳಬೇಕು. ಅಕಿ ಹೇಳಾಕ ಬಂದಿದ್ದನ್ನ ನಾನ ತಡದೆ, ಬಾಡಿಗಿ ಅನ್ನೂ ಮಾತು ಅಕಿದಲ್ಲ, ನಂದು ಅಂತ. ಆಗತೈತೋ ಇಲ್ಲೋ ಹೇಳಾಕ ಬರಂಗಿಲ್ಲ. ಇರೂದು ಇದೊಂದ ದಾರಿ. ಬರ್ತಿಯೇನು?"

ಬರುತ್ತೇನೆ ಎಂದೆ. ಹುಸೇನಬಿಗೂ ಅದನ್ನೇ ಹೇಳಿದೆ. ಅವಳು ಎರಡೂ ಕೈಯಿಂದ ನನ್ನ ಕೈ ಹಿಡಿದಳು. "ನೀ ಒಂದು ಮಾತು ಹೇಳಿದ್ರ ಸಾಕಣ್ಣಾ" ಎಂದಳು.

ತಾರೀಕಿಗೆ ಇನ್ನೂ ಹದಿನೈದು ದಿನವಿತ್ತು. ಆ ಹದಿನೈದು ದಿನ ನನ್ನ ತಲೆ ಕೆಲಸ ಮಾಡಿದ ರೀತಿಯನ್ನು ಮುಚ್ಚಿಡುವುದಿಲ್ಲ. ನನಗೆ ಲೈಸೆನ್ಸ್ ಇರಲಿಲ್ಲ. ಕಂಪೌಂಡಿನ ಪಕ್ಕ ಕುಳಿತದ್ದು ಯಾರೂ ಎಬ್ಬಿಸದೇ ಇದ್ದದ್ದರಿಂದ. ಹಾಳೆ ತುಂಬಿದ್ದು ನಾನು, ತಪ್ಪು ತುಂಬಿದ್ದು ನಾನು ಎಂದು ಪ್ರಮಾಣ ಮಾಡಿ ಹೇಳಿದರೆ ಅದು ದಾಖಲೆಯಾಗುತ್ತದೆ. ನಾಲ್ಕು ಊರಿನಲ್ಲಿ ನನ್ನ ಹಾಳೆಯ ಮೇಲೆ ನಿಂತ ಕೇಸುಗಳು ಎಷ್ಟೋ ಇದ್ದವು. ಒಂದನ್ನು ಕಿತ್ತರೆ ಉಳಿದವರೂ ಬಂದು ನಮ್ಮದೂ ತಪ್ಪೇನು ಎಂದು ಕೇಳುತ್ತಾರೆ. ಅಂಗಡಿ ಮುಚ್ಚಿದ ಹಾಗೇ. ಹೇಳಿದರೂ ತಿದ್ದುಪಡಿ ಸಿಗುತ್ತದೆಂಬ ಖಾತ್ರಿ ಇಲ್ಲವಲ್ಲ ಎಂದೂ ಲೆಕ್ಕ ಹಾಕಿದೆ. ವ್ಯಾಪಾರದ ಬುದ್ಧಿ ಅಂಥದು.

ಆ ತಾರೀಕಿನ ಬೆಳಿಗ್ಗೆ ನಾನು ಮುಂಡರಗಿ ಬಸ್ ಹತ್ತಿದೆ. ಮುಂಡರಗಿಯಲ್ಲಿ ಆ ದಿನ ನನಗೆ ಯಾವ ಕೆಲಸವೂ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಎರಡು ಸಲ ಚಹಾ ಕುಡಿದು ಸಂಜೆ ಬಂದೆ.

ವಕೀಲರು ಇನ್ನೊಂದು ತಾರೀಕು ಕೇಳಿ ಪಡೆದರು. ಆಗಲೂ ನಾನು ಹೋಗಲಿಲ್ಲ. ತಿದ್ದುಪಡಿಯ ಅರ್ಜಿ ವಜಾ ಆಯಿತು. ತಾನೇ ಒಪ್ಪಿಕೊಂಡ ಮಾತಿನಿಂದ ಪ್ರತಿವಾದಿ ಹಿಂದೆ ಸರಿಯಲು ಬರುವುದಿಲ್ಲ ಎಂದು ತೀರ್ಪು ಬಂದಿತು. ಮುಲ್ಲಾನನ್ನು ಕೇಳುವ ಪ್ರಶ್ನೆಯೇ ಬರಲಿಲ್ಲ. ಮೇಲಿನ ಕೋರ್ಟಿಗೆ ಹೋಗೋಣ ಎಂದು ವಕೀಲರು ಕರೆದರೆ, ಹುಸೇನಬಿ "ನನ್ನ ಹೆಬ್ಬಟ್ಟ ಅಲ್ಲೂ ಬರ್ತೈತಲ್ರಿ" ಎಂದು ಹೋಗಲಿಲ್ಲವಂತೆ.

ಆಗ ನಾನು ನನಗೆ ಬರುವ ಕೆಲಸವನ್ನು ಮಾಡಿದೆ. ಮೊಮ್ಮಗನ ಮನೆಗೆ ಹೋಗಿ ಚೌಕಾಸಿಗೆ ಕುಳಿತೆ. ಅವನು ಒಂದು ತಿಂಗಳೆಂದ. ನಾನು ವರ್ಷವೆಂದೆ. ಮಳೆಗಾಲ, ಮಗಳ ನಿಶ್ಚಿತಾರ್ಥ, ಹುಸೇನಬಿಯ ಕೆಮ್ಮು ಎಂದು ಇದ್ದದ್ದನ್ನೂ ಇಲ್ಲದ್ದನ್ನೂ ಮುಂದಿಟ್ಟು ಹತ್ತು ತಿಂಗಳಿಗೆ ಒಪ್ಪಿಸಿದೆ. ನಿಜವಾಗಿ ಅವನೇನೂ ಕೆಟ್ಟವನಲ್ಲ. "ಅಜ್ಜಾರು ಕೊಟ್ಟಿದ್ರು ಅಂತ ನಮ್ಮ ಮನ್ಯಾಗ ನನಗ ಯಾರೂ ಹೇಳಿಲ್ಲ ಅಂಕಲ್. ಆಕಿನ ಬಾಡಿಗಿ ಅಂತ ಬರದುಕೊಟ್ಟಾಳ" ಎಂದ. ಆ ಹಾಳೆ ಬರೆದವನು ನಾನೇ ಎಂದು ಅವನ ಎದುರಿಗೂ ನಾನು ಬಾಯಿ ಬಿಡಲಿಲ್ಲ.

ಹತ್ತು ತಿಂಗಳ ಸುದ್ದಿ ತೆಗೆದುಕೊಂಡು ದೊಡ್ಡದೇನೋ ಗೆದ್ದವನಂತೆ ಬೆಟಗೇರಿಗೆ ಹೋದೆ. ಹುಸೇನಬಿ ಹೊಲಿಯುತ್ತಿದ್ದವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಕೆಳಗಿಟ್ಟಳು.

"ನೀ ಚೌಕಾಸಿ ಛಲೋ ಮಾಡ್ತಿ ಅಣ್ಣಾ. ಆದ್ರ ನಾ ನಿನ್ನ ಚೌಕಾಸಿಗೆ ಕಳಸಿದ್ದಿಲ್ಲ. ಒಂದು ಮಾತು ಹೇಳಾಕ ಕರದಿದ್ದೆ."

ಮುಮ್ತಾಜ ಒಳಗಿನಿಂದ, "ಅಮ್ಮಾ, ಅವರಿಗೆ ಚಾ ಮಾಡ್ಲೇನು?" ಎಂದು ಕೇಳಿದಳು.

"ಮಾಡು, ಬಂದಾರಲಾ" ಎಂದಳು ಹುಸೇನಬಿ. ಆ ಚಹಾವನ್ನು ಕುಡಿದು ಬಂದೆ.

ಮನೆ ಬಿಟ್ಟ ದಿನ ನಾನು ಹೋಗಲಿಲ್ಲ. ಅಲ್ಲೀಗ ಗೋದಾಮು ಇದೆ. ಎರಡು ವರ್ಷದ ಮೇಲೆ ಒಂದು ದಿನ ಅವಳೇ ನನ್ನ ತಗಡಿನ ನೆರಳಿಗೆ ಬಂದಳು. ಆಗ ನನ್ನ ಬಳಿ ಕಂಪ್ಯೂಟರ್ ಬಂದಿತ್ತು. ಸ್ಟೇಶನ್ ಕಡೆ ಒಂದು ಖೋಲಿ ಹಿಡಿದಿದ್ದಳು. ಗ್ಯಾಸಿಗೆ ವಿಳಾಸದ ಕಾಗದ ಬೇಕಿತ್ತಂತೆ, ಬಾಡಿಗೆ ಕರಾರು ಬರೆಸಲು ಬಂದಿದ್ದಳು. ನಾನು ಕೀಬೋರ್ಡ್ ಬಿಟ್ಟು ಅವಳ ಕಡೆ ತಿರುಗಿದೆ.

"ಬರಿ ಅಣ್ಣಾ. ಈಗ ಬಾಡಿಗಿ ಅಂತ ಬರಿ. ಈಗ ಖರೆ ಐತಿ" ಎಂದಳು.

ಕುಹಕವಿರಲಿಲ್ಲ. ಅದಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ದುಡ್ಡು ಬೇಡವೆಂದರೂ ಕೀಬೋರ್ಡಿನ ಪಕ್ಕ ಇಟ್ಟು ಹೋದಳು. ಮುಂದೆ ಮೂರೇ ವರ್ಷಕ್ಕೆ ತೀರಿಕೊಂಡಳು. ಖಬರ ನನಗೆ ಮುಟ್ಟಿದ್ದು ಮಣ್ಣಾದ ಎಷ್ಟೋ ದಿನದ ಮೇಲೆ.

ಅವಳ ತೀರ್ಪು ಬಂದ ವರ್ಷವೇ ನಾನು ನಮೂನೆ ಮಾರುವುದನ್ನು ನಿಲ್ಲಿಸಿದ್ದೆ. ಆದರೆ ನಾನು ನಿಲ್ಲಿಸಿದರೆ ಅದು ನಿಲ್ಲಲಿಲ್ಲ. ಊರೂರಿಗೆ ಝೆರಾಕ್ಸ್ ಬಂದ ಮೇಲೆ ಯಾರು ಯಾರೋ ಪ್ರತಿ ತೆಗೆದು ಮಾರಿದರು. ಹೋದ ವರ್ಷ ಶಿರಹಟ್ಟಿಯಲ್ಲಿ ಒಬ್ಬನ ಕೈಯಲ್ಲಿ ಒಂದನ್ನು ನೋಡಿದೆ. ಪ್ರತಿಯ ಪ್ರತಿಯಾಗಿ ಅಕ್ಷರಗಳು ಕಪ್ಪಾಗಿ ಊದಿಕೊಂಡಿದ್ದವು. ಒಂದನೇ ಕಲಮು ಹಾಗೆಯೇ ಇತ್ತು. ಆತನನ್ನು ನಿಲ್ಲಿಸಿ, "ತಮ್ಮಾ, ಮನಿ ನಿಂಗ ಯಾರು ಕೊಟ್ರು?" ಎಂದು ಕೇಳಿದೆ. "ನಿಮಗ್ಯಾಕ್ರಿ ಯಜಮಾನ್ರ?" ಎಂದು ಹೋದ.

ಈಗ ವಕೀಲರಿಲ್ಲದೆ ಬರುವವರಿಗಾಗಿ ಕೋರ್ಟಿನ ಉಚಿತ ಕಾನೂನು ನೆರವಿನ ಮೇಜಿನವರು ಹೊಸ ನಮೂನೆ ಮಾಡುತ್ತಿದ್ದಾರೆ. ಅಲ್ಲಿನ ಹುಡುಗಿಯೊಬ್ಬಳು ಕರಡನ್ನು ನನಗೆ ತೋರಿಸಿ, "ಅಜ್ಜಾರ, ನೀವು ಹಳಬರು, ಏನರ ಬಿಟ್ಟೇವೇನು ನೋಡ್ರಿ" ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಈ ಕೆಲಸಕ್ಕೆ ಬರುವ ನಿಮಗೂ ಹೇಳುತ್ತೇನೆ.

ನಮೂನೆ ಬೇಡ ಎನ್ನುವುದಿಲ್ಲ. ಅದು ಇಲ್ಲದಿದ್ದರೆ ಬಡವರು ಬಾಗಿಲಲ್ಲೇ ಉಳಿಯುತ್ತಾರೆ. ಆದರೆ ಪೆನ್ನು ಹಿಡಿಯುವ ಮೊದಲು ಬರಿಗೈಯಲ್ಲಿ ಕುಳಿತು, ಮನೆಗೆ ಹೇಗೆ ಬಂದಿರಿ, ಮೊದಲ ದಿನ ಕೀಲಿ ಕೊಟ್ಟವರು ಏನು ಹೇಳಿ ಕೊಟ್ಟರು ಎಂದು ಕೇಳಿ. ಕಥೆ ಹೇಳಲು ಬಿಡಿ. ಹಿಂದೆ ನಿಂತವರು ಗೊಣಗಿದರೆ ಗೊಣಗಲಿ. ನಾನು ಬಾಡಿಗೆದಾರ ಎಂಬ ಸಾಲನ್ನು ಎಂದೂ ಮೊದಲೇ ಅಚ್ಚು ಹಾಕಿಸಬೇಡಿ. ಅದನ್ನು ಪ್ರಶ್ನೆಯಾಗಿ ಇಡಿ. ಬಾಡಿಗೆ, ಭೋಗ್ಯ, ದಾನ, ಪಾಲು, ನೌಕರಿಯ ಮನೆ, ಇವು ಬೇರೆ ಬೇರೆ. ಯಾವುದೆಂದು ತಿಳಿಯದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ. ಖಾಲಿ ಬಿಟ್ಟ ಹಾಳೆಯನ್ನು ಗುಮಾಸ್ತರು ವಾಪಸ್ ಕೊಟ್ಟರೆ ಹೋಗುವುದು ಒಂದು ದಿನ ಅಷ್ಟೇ. ಬಂದವರು ಮಾಲಕನಿಗೆ ಕೊಡುವ ವಸ್ತುವಿಗೆ ನೀವು ಹೆಸರಿಡಬೇಡಿ, ಅವರು ಯಾವ ಹೆಸರಿನಿಂದ ಕೊಡುತ್ತಾರೋ ಅದನ್ನೇ ಬರೆಯಿರಿ. ಬರೆದದ್ದನ್ನು ಅವರ ಮಾತಿನಲ್ಲಿಯೇ ಓದಿ ಹೇಳಿ, ಆಮೇಲೆ ಅವರ ಬಾಯಿಂದ ತಿರುಗಿ ಹೇಳಿಸಿ. ಅವರ ಮಾತು ಹಾಳೆಗಿಂತ ಉದ್ದವಾಗಿದ್ದರೆ ಇನ್ನೊಂದು ಹಾಳೆ ಅಂಟಿಸಿ. ಒಂದು ಪ್ರತಿ ಅವರ ಕೈಯಲ್ಲಿರಲಿ. ಉಚಿತ ಕಾನೂನು ನೆರವು ಸಿಗುತ್ತದೆಂದು ಮೊದಲೇ ಹೇಳಿ, ನಿಮ್ಮ ಗಿರಾಕಿ ಕಡಿಮೆಯಾದರೂ ಹೇಳಿ.

ಎಷ್ಟು ಜಾಣರಾದರೂ ಒಂದು ದಿನ ನಿಮ್ಮ ಕೈಯಿಂದಲೂ ತಪ್ಪಾಗುತ್ತದೆ. ಗೊತ್ತಾದ ದಿನವೇ ಅದನ್ನು ತಾರೀಕು ಹಾಕಿ ಕಾಗದದ ಮೇಲೆ ಬರೆದು, ಸಹಿ ಮಾಡಿ ಅವರ ವಕೀಲರಿಗೆ ಕೊಡಿ. ಬೆಳಗಾಗುವವರೆಗೆ ಕಾದರೆ ನೂರು ಕಾರಣ ಹುಟ್ಟುತ್ತವೆ. ಸಾಕ್ಷಿಗಳ ಪಟ್ಟಿಯಲ್ಲಿ ನಿಮ್ಮ ಹೆಸರನ್ನು ನೀವೇ ಹಾಕಿಸಿ. ಮತ್ತು ಸಾಕ್ಷಿಯ ತಾರೀಕಿನ ದಿನ ಹತ್ತೂವರೆಗೆ, ಅವರು ಬರುವುದಕ್ಕಿಂತ ಮೊದಲು, ಕೋರ್ಟಿನ ಬಾಗಿಲಲ್ಲಿ ಇರಿ.